ಕಾಣದ ಸಂದಿಗೇ ಕಾಸು ಜಾಸ್ತಿ

ದುಬಾರಿ ಬ್ರ್ಯಾಂಡಿನ ಅಂಗಡಿ ಎಂದರೆ ಬೆಲೆಬಾಳುವ ಕಲ್ಲು, ಮರ, ದೀಪ ಅಂದುಕೊಳ್ಳುವವರೇ ಹೆಚ್ಚು. ವಿನ್ಯಾಸದ ಹೊಣೆ ಹೊತ್ತವರ ತಲೆನೋವು ಇರುವುದು ಸಂದುಗಳಲ್ಲಿ: ಗಾಜಿಗೆ ಗಾಜು ಕೂಡುವಲ್ಲಿ, ಗೋಡೆ ನೆಲಕ್ಕೆ ಇಳಿಯುವಲ್ಲಿ, ಸೀಲಿಂಗಿನಲ್ಲಿ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ನೀರು ಚಿಮ್ಮಿಸುವ) ತಲೆ ಹಾಕುವಲ್ಲಿ. ಆಪಲ್ ಅಂಗಡಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 2006ರಲ್ಲಿ ಎದ್ದ 32 ಅಡಿಯ ಗಾಜಿನ ಘನ ಬೋಲಿನ್ ಸಿವಿನ್ಸ್ಕಿ ಜಾಕ್ಸನ್ ಸಂಸ್ಥೆಯ ವಿನ್ಯಾಸ. ಅದರಲ್ಲಿದ್ದದ್ದು 90 ಗಾಜಿನ ಹಲಗೆಗಳು. 2011ರಲ್ಲಿ ಅದನ್ನೆಲ್ಲ ಬಿಚ್ಚಿ, ಬರೀ 15 ಹಲಗೆಗಳಲ್ಲಿ ಮತ್ತೆ ಕಟ್ಟಿದರು. ಆಕಾರ ಅದೇ, ಅಳತೆ ಅದೇ. ಹೋದದ್ದು ಸಂದುಗಳು ಮತ್ತು ಅವನ್ನು ಹಿಡಿದಿದ್ದ ಲೋಹದ ಫಿಟ್ಟಿಂಗುಗಳು. ಅಷ್ಟಕ್ಕೇ ಅಷ್ಟು ಖರ್ಚು!

ಹಲಗೆ ಎಷ್ಟು ದೊಡ್ಡದಿರಬಹುದು ಎಂಬುದನ್ನು ತೀರ್ಮಾನಿಸುವುದು ಆರ್ಕಿಟೆಕ್ಟ್ ಅಲ್ಲ, ಕಾರ್ಖಾನೆಯ ಕುಲುಮೆ ಮತ್ತು ಆಟೋಕ್ಲೇವ್, ಅಂದರೆ ಗಾಜಿನ ಪದರಗಳನ್ನು ಬಿಸಿ, ಒತ್ತಡದಲ್ಲಿ ಅಂಟಿಸುವ ಯಂತ್ರ. ಹಾಗಾಗಿ ಡ್ರಾಯಿಂಗ್ ಶುರುವಾಗುವ ಮೊದಲೇ ಮೂರು ಅಳತೆ ಕೈಯಲ್ಲಿರಲಿ: ಆಟೋಕ್ಲೇವ್‌ನ ಉದ್ದ, ಲಾರಿಯ ಉದ್ದ, ಕಟ್ಟಡದ ಸರ್ವಿಸ್ ಬಾಗಿಲಿನ ಎತ್ತರ. ಮೂರನೆಯದನ್ನು ಮರೆಯುವವರೇ ಜಾಸ್ತಿ.

ಟಫನ್ಡ್ ಗಾಜನ್ನು ಕಾಯಿಸಿ, ತಟ್ಟನೆ ತಣಿಸಿ ಹದಗೊಳಿಸಿದ ಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. 5 ಮಿ.ಮೀ. ತಪ್ಪಾದರೂ ಹಲಗೆ ವಾಪಸ್. ಆದ್ದರಿಂದ ನೆಲದ ಮಟ್ಟ ಮುಗಿದ ಮೇಲೆ, ಸೈಟಿನಲ್ಲೇ ಅಳೆದು ಆರ್ಡರ್ ಕೊಡಬೇಕು. ಡ್ರಾಯಿಂಗಿನ ಅಳತೆ ನಂಬಬಾರದು. ಇನ್ನೊಂದು ಕಾಟ ನಿಕಲ್ ಸಲ್ಫೈಡ್. ಗಾಜಿನೊಳಗೆ ಉಳಿದ ಅದರ ಸೂಕ್ಷ್ಮ ಕಣ ತಿಂಗಳು, ವರ್ಷಗಳ ನಂತರ ಹಿಗ್ಗಿ, ಯಾರೂ ಮುಟ್ಟದಿದ್ದರೂ ಹಲಗೆ ಒಡೆಯುತ್ತದೆ. ಹಲಗೆಗಳನ್ನು ಮೊದಲೇ ಬಿಸಿಯಲ್ಲಿಟ್ಟು ನೋಡುವ ಹೀಟ್ ಸೋಕ್ ಪರೀಕ್ಷೆಯಲ್ಲಿ ಅಂಥವು ಬಹುಪಾಲು ಕುಲುಮೆಯಲ್ಲೇ ಒಡೆದುಹೋಗುತ್ತವೆ. ಟೆಂಡರಿನಲ್ಲಿ ಈ ಸಾಲು ಬರೆಯದಿದ್ದರೆ ಯಾವ ಗುತ್ತಿಗೆದಾರನೂ ತಾನಾಗಿ ಮಾಡಿಸುವುದಿಲ್ಲ.

ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದ ಲ್ಯಾಮಿನೇಟೆಡ್ ಗಾಜಿನ ನಡುವಿನ ಪದರವೂ ಮುಖ್ಯ. ಪಿವಿಬಿ ಎಂಬ ಸಾಮಾನ್ಯ ಪ್ಲಾಸ್ಟಿಕ್ ಪದರ ಬಿಸಿಲಿಗೆ ಮೆತ್ತಗಾಗುತ್ತದೆ. ಅಂಚು ತೆರೆದಿದ್ದರೆ ತೇವ ಎಳೆದುಕೊಂಡು ಬೆಳ್ಳಗೆ ಮಸುಕಾಗುತ್ತದೆ. ಮೆಟ್ಟಿಲು, ಗಾಜಿನ ತೊಲೆಗಳಿಗೆ ಸೆಂಟ್ರಿಗ್ಲಾಸ್‌ನಂಥ ಗಡಸು ಪದರವೇ ಬೇಕು. ಅಂಚಿಗೆ ಹಚ್ಚುವ ಸಿಲಿಕೋನ್ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆಮ್ಲ ಬಿಡದ ಬಗೆ) ಇರಬೇಕು. ಟ್ಯೂಬ್ ತೆರೆದಾಗ ವಿನೆಗರ್ ಘಾಟು ಬಂತೋ, ಕೆಲಸ ಅಲ್ಲೇ ನಿಲ್ಲಿಸಿ. ಅದು ಆಮ್ಲ ಬಿಡುವ ಅಸಿಟಾಕ್ಸಿ ಬಗೆ, ಪದರವನ್ನು ಹಾಳುಮಾಡುತ್ತದೆ.

ಸೀಲಿಂಗಿನ ಕಥೆ ಬೇರೆ. ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ 2023ರ ಏಪ್ರಿಲ್ 18ರಂದು ತೆರೆದ, ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ವಿನ್ಯಾಸದ ಆಪಲ್ ಅಂಗಡಿಯಲ್ಲಿ ತ್ರಿಕೋನಾಕಾರದ 1,000 ಮರದ ಟೈಲುಗಳಿವೆ. ಒಂದೊಂದರಲ್ಲೂ 408 ಮರದ ತುಂಡು. ಜೋಡಿಸಿದ್ದು ದೆಹಲಿಯಲ್ಲಿ. ಇಷ್ಟು ಕೈಕೆಲಸವನ್ನು ಸೈಟಿನ ದೂಳಿನಲ್ಲಿ ಮಾಡಿಸುವ ಯೋಚನೆಯೇ ಬೇಡ. ಹೊರಗೆ ಜೋಡಿಸಿ ತಂದು ತೂಗುಹಾಕುವುದೇ ಸರಿ.

ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರಿನಲ್ಲಿ ಆಪಲ್ ತೆರೆದದ್ದು ಮಾಲ್ ಒಳಗಿನ ಅಂಗಡಿ. ಯಾವುದೇ ಮಾಲ್ ಆಗಲಿ, ಸ್ಲ್ಯಾಬ್ ಎತ್ತರ, ಬೆಂಕಿ ನಂದಿಸುವ ಪೈಪು, ಎಸಿ ಡಕ್ಟು ಎಲ್ಲವೂ ಮಾಲೀಕರವು. ಮೊದಲು ಅವನ್ನೆಲ್ಲ ಒಂದೇ ಸೀಲಿಂಗ್ ಡ್ರಾಯಿಂಗಿನಲ್ಲಿ ಕೂರಿಸಿ, ಆಮೇಲೆ ಟೈಲಿನ ಅಳತೆ ಗೊತ್ತುಮಾಡಬೇಕು. ತಿರುಗಾಮುರುಗಾ ಮಾಡಿದರೆ ಸ್ಪ್ರಿಂಕ್ಲರ್ ಟೈಲಿನ ಅಂಚಿಗೇ ಬಂದು ಕೂರುತ್ತದೆ. ರಿಪೇರಿಗೆ ಕೈ ಹಾಕುವ ಕಿಂಡಿ ಎಲ್ಲಿ ಎಂಬುದೂ ಆಗಲೇ ತೀರ್ಮಾನವಾಗಲಿ.

ನುಣುಪಿನ ಹುಚ್ಚು ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಶಿಕಾಗೋ ಇದೆ. 2017ರಲ್ಲಿ ಅಲ್ಲಿನ ಮಿಶಿಗನ್ ಅವೆನ್ಯೂದಲ್ಲಿ ತೆಳು ಕಾರ್ಬನ್ ಫೈಬರ್ ಚಾವಣಿಯ ಆಪಲ್ ಅಂಗಡಿ ತೆರೆಯಿತು. ಅದೇ ಚಳಿಗಾಲದಲ್ಲಿ ಅಂಚಿನಿಂದ ಮಂಜುಗಡ್ಡೆ ಬೀಳತೊಡಗಿ, ಸುತ್ತ ಹಗ್ಗ ಕಟ್ಟಬೇಕಾಯಿತು. ಚಾವಣಿಯೊಳಗಿನ ಬಿಸಿ ಮಾಡುವ ವ್ಯವಸ್ಥೆಯನ್ನು ಮತ್ತೆ ಸರಿಹೊಂದಿಸಿದ್ದಾಗಿ ಕಂಪನಿ ಹೇಳಿತು. ನಮ್ಮಲ್ಲಿ ಹಿಮವಿಲ್ಲ, ಆದರೆ ಅಂಚು ಕಾಣದ ಚಾವಣಿಯ ಮೇಲೆ ಬಿದ್ದ ಜೂನ್ ಮಳೆ ಎಲ್ಲಿ ಇಳಿಯುತ್ತದೆ ಎಂದು ಕೇಳಲೇಬೇಕು.

2001ರ ಮೇ 19ರಂದು ಮೊದಲ ಎರಡು ಅಂಗಡಿಗಳು ತೆರೆಯುವ ಮುನ್ನ ಆಪಲ್ ಒಂದು ಗೋದಾಮಿನಲ್ಲಿ ಪೂರ್ಣಗಾತ್ರದ ಮಾದರಿ ಕಟ್ಟಿತ್ತು. ಒಳಜೋಡಣೆ ಸರಿಯಿಲ್ಲವೆಂದು ಅಲ್ಲೇ ಬದಲಿಸಿತು. ಇಡೀ ಅಂಗಡಿಗೆ ಬಜೆಟ್ ಇಲ್ಲದಿದ್ದರೆ ಮೂರು ತುಣುಕು ಸಾಕು: ಗಾಜಿನ ಒಂದು ಮೂಲೆ, ಕಲ್ಲು ಗೋಡೆಗೆ ಸೇರುವ 1 ಮೀಟರ್, ಸ್ಪ್ರಿಂಕ್ಲರ್ ಸಮೇತ ಸೀಲಿಂಗಿನ ಒಂದು ಟೈಲ್. ಅವುಗಳ ಮೇಲೆ ಬ್ರ್ಯಾಂಡಿನವರ ಸಹಿ ಹಾಕಿಸಿ, ಅಂಗಡಿ ಹಸ್ತಾಂತರವಾಗುವವರೆಗೂ ಸೈಟಿನಲ್ಲೇ ಇಡಿ.