ಲ್ಯಾಬಿನ ಅಣ್ಣ ಮತ್ತು 5 ಮೈಕ್ರಾನ್

ಹೆಬ್ಬಾಳದ ನಮ್ಮ ಪಶುವೈದ್ಯಕೀಯ ಕಾಲೇಜು ಶುರುವಾಗಿದ್ದು 1958ರಲ್ಲಿ. ಇಲ್ಲಿ ಓದಿದವರು ನಾಲ್ಕು ಜನ ಸೇರಿದರೆ ಮಾತು ಮೇಷ್ಟ್ರುಗಳ ಕಡೆಗೇ ತಿರುಗುತ್ತದೆ. ತಿರುಗಲೇಬೇಕು, ಅಂಥ ಮೇಷ್ಟ್ರುಗಳು ನಮಗೆ ಸಿಕ್ಕಿದ್ದರು. ಆದರೆ ಹಿಸ್ಟಾಲಜಿ, ಅಂದರೆ ಅಂಗಾಂಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಲಿಯುವ ವಿಷಯದ ಲ್ಯಾಬಿನಲ್ಲಿ ಸ್ಲೈಡ್ ಮಾಡುತ್ತಿದ್ದ ಅಣ್ಣನ ಬಗ್ಗೆ ಯಾರೂ ಬರೆದಿದ್ದನ್ನು ನಾನು ಓದಿಲ್ಲ. ಅದಕ್ಕೇ ಈ ನಾಲ್ಕು ಮಾತು.

ನಾವು ಅವರನ್ನು ಅಣ್ಣ ಅನ್ನುತ್ತಿದ್ದೆವು. ಅವರು ಮೊದಲ ವರ್ಷದ ಹುಡುಗರನ್ನೂ ‘ಡಾಕ್ಟ್ರೇ’ ಅಂತಲೇ ಕರೆಯುತ್ತಿದ್ದರು.

ಒಂದು ಸ್ಲೈಡ್ ಹಿಂದೆ ಎಷ್ಟು ಕೆಲಸ ಇದೆ ಅಂತ ಮೈಕ್ರೋಸ್ಕೋಪಿನಲ್ಲಿ ಇಣುಕುವವರಿಗೆ ಗೊತ್ತಾಗುವುದಿಲ್ಲ. ಅಂಗಾಂಶದ ತುಂಡು ಕೊಳೆಯದ ಹಾಗೆ ಮೊದಲು 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ನೆನೆಯಬೇಕು. ಆಮೇಲೆ ಆಲ್ಕೋಹಾಲಿನ ಪ್ರಮಾಣ ಹಂತಹಂತವಾಗಿ ಏರಿಸುತ್ತಾ ಒಳಗಿನ ನೀರನ್ನೆಲ್ಲ ತೆಗೆಯಬೇಕು. ನಂತರ ಆಲ್ಕೋಹಾಲನ್ನು ಹೊರಹಾಕುವ ಝೈಲೀನ್ ದ್ರವ, ಕೊನೆಗೆ ಕರಗಿದ ಪ್ಯಾರಾಫಿನ್ ಮೇಣ. ಮೇಣ ಗಟ್ಟಿಯಾದ ಮೇಲೆ ಆ ಬ್ಲಾಕನ್ನು ಮೈಕ್ರೋಟೋಮ್ ಎಂಬ ಚಾಕುವಿನ ಯಂತ್ರಕ್ಕೆ ಕೂರಿಸಿ ಕತ್ತರಿಸಬೇಕು. ದಪ್ಪ 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿಗೆ 200 ಪದರ. ಮನುಷ್ಯರ ಒಂದು ಕೆಂಪು ರಕ್ತಕಣದ ಅಗಲವೇ ಸುಮಾರು 7 ಮೈಕ್ರಾನ್. ಅದಕ್ಕಿಂತ ತೆಳು ಇದು!

ಅಣ್ಣ ಕತ್ತರಿಸಲು ಕೂತರೆ ಮೊದಲು ಫ್ಯಾನ್ ಆಫ್. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈಯಲ್ಲಿ ಸಣ್ಣ ಬ್ರಶ್. ಪದರಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುತ್ತಿದ್ದವು. ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗುತ್ತಿತ್ತು. ಆಗ ಬ್ಲಾಕಿನ ಮೇಲೆ ಐಸ್ ಒತ್ತಿ ಹಿಡಿದು ಮತ್ತೆ ಶುರು. ರಿಬ್ಬನ್ನನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊಟ್ಟೆಯ ಬಿಳಿ ಸವರಿದ ಗಾಜನ್ನು ಕೆಳಗಿನಿಂದ ತಂದು ಅದನ್ನು ಎತ್ತಿಕೊಳ್ಳುತ್ತಿದ್ದರು.

ಬಣ್ಣ ಹಾಕುವಾಗ ಇನ್ನೊಂದು ಚಂದ. ಹೆಮಟಾಕ್ಸಿಲಿನ್‌ನಿಂದ ತೆಗೆದಾಗ ಕೆಂಪು ನೇರಳೆ ಇರುತ್ತಿದ್ದ ಪದರ, ನಲ್ಲಿ ನೀರಿಗೆ ಹಿಡಿದರೆ ನೋಡನೋಡುತ್ತಿದ್ದಂತೆ ನೀಲಿಯಾಗುತ್ತಿತ್ತು. ನಲ್ಲಿ ನೀರಿನ ಕ್ಷಾರದಿಂದ ಆಗುವ ಕೆಲಸ ಅದು. “ಡಿಸ್ಟಿಲ್ಡ್ ವಾಟರ್ ಇದಕ್ಕೆ ಬೇಡ ಡಾಕ್ಟ್ರೇ, ನಮ್ಮ ಬೋರ್‌ವೆಲ್ ನೀರೇ ಸರಿ” ಅನ್ನುತ್ತಿದ್ದರು. ಹೀಗೆ ಕೋಶಕೇಂದ್ರ ನೀಲಿ. ಮೇಲೆ ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ.

ಆ ಎರಡು ಬಣ್ಣದಲ್ಲೇ ನಾವು ಹಸುವಿನ ಹೊಟ್ಟೆಯನ್ನು ಕಲಿತಿದ್ದು. ಹೊಟ್ಟೆಯ ಮೊದಲ ಕೋಣೆ ರೂಮೆನ್. ಅದರ ಸ್ಲೈಡ್‌ನಲ್ಲಿ ಎಷ್ಟು ಹುಡುಕಿದರೂ ಗ್ರಂಥಿ ಸಿಗುವುದಿಲ್ಲ. ಚರ್ಮದ ಹಾಗೆ ಪದರದ ಮೇಲೆ ಪದರ, ಮೇಲ್ಗಡೆ ಉಗುರಿನಲ್ಲಿರುವಂಥ ಗಟ್ಟಿ ಕೆರಾಟಿನ್. ಒರಟು ಹುಲ್ಲು ಬಿದ್ದು ಉರುಳಾಡುವ ಜಾಗ, ಹಾಗಿರಲೇಬೇಕಲ್ವಾ? ಆದರೆ ಅದೇ ಗೋಡೆಯಿಂದ ನಾಲಿಗೆಯಂಥ ಪ್ಯಾಪಿಲಾಗಳು ಒಳಗೆ ಚಾಚಿರುತ್ತವೆ. ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿದಾಗ ಬರುವ ಕೊಬ್ಬಿನ ಆಮ್ಲಗಳನ್ನು ಹೀರುವುದು ಅವೇ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರುವುದೂ ಅಲ್ಲಿಂದಲೇ. ಪಕ್ಕದ ಸ್ಲೈಡ್ ಅಬೊಮೇಸಮ್, ಹೊಟ್ಟೆಯ ಕೊನೆಯ ಕೋಣೆ. ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗ್ರಂಥಿಗಳು, ನಮ್ಮ ಜಠರದ ಹಾಗೇ. ಒಂದೇ ಪ್ರಾಣಿ, ಒಂದೇ ಹೊಟ್ಟೆ, ಕೆಲಸ ಬೇರೆ ಆದ ಕೂಡಲೇ ಗೋಡೆಯೂ ಬೇರೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ನಂಬಿಕೆ ಬಂದಿದ್ದು ಆ ಎರಡು ಗಾಜು ನೋಡಿದ ಮೇಲೆ.

ಹಂದಿಯ ಲಿವರ್ ಕೂಡ ಎಲ್ಲರಿಗೂ ಇಷ್ಟವಿತ್ತು. ಮನುಷ್ಯರಲ್ಲಿ ಲಿವರ್ ಒಳಗಿನ ಚಿಕ್ಕ ಚಿಕ್ಕ ಭಾಗಗಳಾದ ಲೋಬ್ಯೂಲ್‌ಗಳ ಗಡಿ ಅಷ್ಟು ಸ್ಪಷ್ಟ ಇರುವುದಿಲ್ಲ, ಹಂದಿಯಲ್ಲಿ ಬೇಲಿ ಹಾಕಿದಷ್ಟು ಸ್ಪಷ್ಟ. ಸ್ಲೈಡ್ ನೋಡಿ ಅಂಗ ಗುರುತಿಸುವ ಸ್ಪಾಟಿಂಗ್ ಪರೀಕ್ಷೆಯಲ್ಲಿ ಅದು ಬಂದರೆ ಮಾರ್ಕ್ಸ್ ಗ್ಯಾರಂಟಿ.

ಅಣ್ಣ ಹೇಳಿಕೊಟ್ಟ ಒಂದು ವಿಷಯ ಮಾತ್ರ ಇವತ್ತಿಗೂ ದಿನಾ ಕೆಲಸಕ್ಕೆ ಬರುತ್ತದೆ. ಗೆಳೆಯನೊಬ್ಬ ಸ್ಲೈಡಿನಲ್ಲಿ ಉದ್ದ ಬಿರುಕು ಕಂಡು ಏನು ರೋಗ ಅಂತ ಕೇಳಿದ್ದ. ಅವರು ನೋಡಿ, “ರೋಗ ಅಲ್ಲ ಡಾಕ್ಟ್ರೇ, ನನ್ನ ಚಾಕುವಿನ ಗೆರೆ. ನೋಡಿ, ಜೀವಕೋಶ, ರಕ್ತನಾಳ ಎಲ್ಲದರ ಮೇಲೂ ನೇರ ಹೋಗಿದೆ” ಅಂದರು. ನಾನು ಈಗ ರೋಗಪತ್ತೆ ಲ್ಯಾಬಿನಲ್ಲಿದ್ದೇನೆ. ಪದರದಲ್ಲಿ ಏನೇ ವಿಚಿತ್ರ ಕಂಡರೂ ಮೊದಲು ಚಾಕು, ಮಡಿಕೆ, ಬಣ್ಣದ ಕಸ ಇವನ್ನು ನೋಡಿ, ಆಮೇಲೇ ರೋಗದ ಹೆಸರಿಗೆ ಹೋಗುತ್ತೇನೆ.

ಊರೂರುಗಳಿಂದ ನಮಗೆ ಸ್ಯಾಂಪಲ್ ಬರುತ್ತದೆ. ಎಷ್ಟೋ ಸಲ ಚಿಕ್ಕ ಬಾಟಲಿಯಲ್ಲಿ ದೊಡ್ಡ ಲಿವರ್ ತುಂಡು ತುರುಕಿರುತ್ತಾರೆ. ಫಾರ್ಮಲಿನ್ ಒಳಗೆ ಇಳಿಯುವುದು ನಿಧಾನ, ಅಷ್ಟರಲ್ಲಿ ನಡುಭಾಗ ಕೊಳೆತಿರುತ್ತದೆ. ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ, ಫಾರ್ಮಲಿನ್ ತುಂಡಿನ 10 ಪಟ್ಟು ಇರಲಿ. ಈಗ ಓದುತ್ತಿರುವ ತಮ್ಮ ತಂಗಿಯರು ಇದನ್ನು ದಯವಿಟ್ಟು ನೆನಪಿಡಿ.

ಕಾಲೇಜಿಗೂ ಒಂದು ಕೋರಿಕೆ ಇದೆ. ಸ್ಲೈಡಿನ ಲೇಬಲ್ ಮೇಲೆ ಪ್ರಾಣಿಯ ಹೆಸರು, ಅಂಗದ ಹೆಸರು, ಬಣ್ಣದ ಹೆಸರು ಬರೆಯುತ್ತೇವೆ. ಇನ್ನು ಮುಂದೆ ಅದನ್ನು ಕತ್ತರಿಸಿದವರ ಹೆಸರನ್ನೂ ಬರೆಯೋಣ. ಜಾಗ ಇದೆ, ನಾನು ನೋಡಿದ್ದೇನೆ.