‘ಎಐ ಬಂದ ಮೇಲೂ ವಾಯ್ಸ್ ಓವರ್‌ನಲ್ಲಿ ಕೆಲಸ ಸಿಗುತ್ತಾ?’

ಜಾಹೀರಾತು, ವಿಡಿಯೊಗಳಿಗೆ ದನಿ ಕೊಡುವುದು ನನ್ನ ಕೆಲಸ. ವಾರಕ್ಕೆ ಒಂದಾದರೂ ಇಂಥ ಮೆಸೇಜ್ ಬರುತ್ತದೆ. ಹೊಸಬರು ಮೆತ್ತಗೆ ಕೇಳುತ್ತಾರೆ: ‘ನಿನ್ನ ದನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಈ ಫೀಲ್ಡಿಗೆ ಬರಬಹುದಾ?’ ಆಗಲೇ ಈ ಕೆಲಸದಲ್ಲಿ ಇರುವವರು ಸುತ್ತು ಬಳಸುವುದಿಲ್ಲ: ‘ನನಗೆ ಕೆಲಸ ಕಮ್ಮಿಯಾಗಿದೆ, ನಿಮಗೆ ಹೇಗೆ ಸಿಗ್ತಿದೆ?’ ಎರಡೂ ಒಂದೇ ಪ್ರಶ್ನೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಇಲ್ಲಿ ಬರೆದಿಡುವುದು ಒಳ್ಳೆಯದು. ಗಂಟಲೇ ನನ್ನ ಬಂಡವಾಳ ಅಲ್ವಾ.

ಮೊದಲು ಕೆಟ್ಟ ಸುದ್ದಿ. ಕೆಲಸ ಹೋಗಿದೆ. ನನ್ನದೂ ಹೋಗಿದೆ.

ಒಂದು ಕಂಪನಿಯ ತರಬೇತಿ ವಿಡಿಯೊಗಳಿಗೆ ನಾಲ್ಕು ವರ್ಷ ದನಿ ಕೊಟ್ಟೆ. ಪಾಸ್‌ವರ್ಡ್ ಹೇಗಿರಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಇಂಥವು. ತಿಂಗಳಿಗೆ ಎರಡು ಮೂರು ಖಾಯಂ. ಒಂದು ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಜಗಳ ಆಗಿರಲಿಲ್ಲ, ದುಡ್ಡಿನ ತಕರಾರೂ ಇರಲಿಲ್ಲ. ನಾನೇ ಫೋನ್ ಮಾಡಿದಾಗ ಅಲ್ಲಿದ್ದವರು ಪಾಪ ಸಂಕೋಚದಿಂದ ಹೇಳಿದರು, ‘ಈಗ ನಾವೇ ಟೈಪ್ ಮಾಡಿ ಆಡಿಯೊ ಮಾಡ್ಕೋತಿದೀವಿ.’ ಒಂದು ತುಣುಕು ಕೇಳಿಸಿದರು ಕೂಡ. ಹಾಳಾಗಿರಲಿ ಅಂತ ಮನಸ್ಸು ಬಯಸುತ್ತಿತ್ತು. ಹಾಳಾಗಿರಲಿಲ್ಲ. ಆ ಕೆಲಸಕ್ಕೆ ಅಷ್ಟು ಸಾಕಿತ್ತು.

ಅವತ್ತು ನನ್ನ ಹಳೆಯ ಫೈಲುಗಳನ್ನೆಲ್ಲ ತೆಗೆದು ನೋಡುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾಲ್ಕು ವರ್ಷದಲ್ಲಿ ಅವರು ಒಂದೇ ಒಂದು ರೀಟೇಕ್ ಕೇಳಿರಲಿಲ್ಲ. ನಾನದನ್ನು ನನ್ನ ಹೆಚ್ಚುಗಾರಿಕೆ ಅಂದುಕೊಂಡಿದ್ದೆ. ನಿಜ ಏನೆಂದರೆ ಆ ಆಡಿಯೊವನ್ನು ಆ ಕಡೆ ಯಾರೂ ಕೂತು ಕೇಳುತ್ತಲೇ ಇರಲಿಲ್ಲ. ಫೈಲ್ ಬಂತು, ವಿಡಿಯೊಗೆ ಅಂಟಿಸಿದರು, ಮುಗೀತು. ನೋಡಬೇಕಾದ ನೌಕರರೂ ಅದನ್ನು ಮ್ಯೂಟ್ ಮಾಡಿ ಓಡಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು!

ಅಲ್ಲಿಂದ ಯಾವ ಕೆಲಸ ಬಂದರೂ ಮೊದಲು ನೋಡುವುದು ಇಷ್ಟೇ: ಇದನ್ನು ಕೇಳಿ ‘ಇಲ್ಲ, ಇನ್ನೊಂದ್ಸಲ’ ಅನ್ನುವವರು ಆ ಕಡೆ ಇದ್ದಾರಾ? ಇದ್ದರೆ ಆ ಕೆಲಸ ಇನ್ನೂ ಸ್ವಲ್ಪ ಕಾಲ ಉಳಿಯುತ್ತದೆ. ಇಲ್ಲದಿದ್ದರೆ ಅದು ಇವತ್ತಲ್ಲ ನಾಳೆ ಮಷೀನಿಗೆ ಹೋಗುತ್ತದೆ, ಅದರ ಮೇಲೆ ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಅನ್ನುವ ಐವಿಆರ್, ಕಂಪನಿ ಒಳಗಿನ ವಿಡಿಯೊ, ಜಾಹೀರಾತು ತಯಾರಾಗುವ ಮೊದಲು ಸುಮ್ನೆ ಟೈಮಿಂಗ್ ನೋಡಲು ಹಾಕುವ ಸ್ಕ್ರ್ಯಾಚ್ ಟ್ರ್ಯಾಕ್, ಇವೆಲ್ಲ ಬಹುಪಾಲು ಹೋದವು. ಜಾಹೀರಾತು, ಡಬ್ಬಿಂಗ್, ಆಡಿಯೊಬುಕ್, ಗೇಮ್, ಸಾಕ್ಷ್ಯಚಿತ್ರ, ಇಲ್ಲೆಲ್ಲ ಇನ್ನೂ ಯಾರೋ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ನಾವು ಅವರ ಹತ್ತಿರ ಹೋಗಬೇಕು.

ಹಾಗಂದರೆ ಏನು ಅಂತ ಒಂದು ಸೆಷನ್ ಹೇಳುತ್ತೇನೆ.

ಒಂದು ವಿಮೆ ಜಾಹೀರಾತು. 30 ಸೆಕೆಂಡು. ಕೊನೆಯ ಸಾಲು: ‘ಪರವಾಗಿಲ್ಲ, ನಾವಿದ್ದೇವೆ.’ ನಾನು ಬೂತ್‌ನಲ್ಲಿ, ಆ ಕಡೆ ವಿಡಿಯೊ ಕಾಲ್‌ನಲ್ಲಿ ಮೂರು ಜನ. ಮೊದಲ ಟೇಕ್‌ಗೆ ‘ಸ್ವಲ್ಪ ಸಮಾಧಾನ ಬೇಕು’ ಅಂದರು. ಕೊಟ್ಟೆ. ‘ಇದು ಆಸ್ಪತ್ರೆ ಥರ ಆಯ್ತು.’ ಸರಿ. ‘ಖುಷಿ ಇರಲಿ, ಆದ್ರೆ ನಗಬೇಡಿ.’ ಅದೂ ಆಯಿತು. ಒಂಬತ್ತು ಟೇಕ್ ಆದರೂ ಅವರಿಗೆ ಏನು ಬೇಕು ಅಂತ ಅವರಿಗೇ ಗೊತ್ತಿಲ್ಲ, ಏನೋ ಸರಿಯಿಲ್ಲ ಅನ್ನುವುದು ಮಾತ್ರ ಗೊತ್ತು. ಅವರು ತಪ್ಪೂ ಹೇಳುತ್ತಿರಲಿಲ್ಲ. ನನಗೂ ಏನೋ ಕಿರಿಕಿರಿ ಆಗುತ್ತಿತ್ತು. ಹತ್ತನೇ ಸಲ ಓದುವ ಮೊದಲು ಕೇಳಿದೆ, ‘ಸರ್, ಕಷ್ಟದಲ್ಲಿರೋ ಅಣ್ಣನಿಗೆ ಯಾರಾದ್ರೂ ನಾವಿದ್ದೇವೆ ಅಂತಾರಾ? ನಾವಿದೀವಿ ಅನ್ನಲಾ?’ ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಓದಿದೆ. ‘ಪರವಾಗಿಲ್ಲ’ ಆದ ಮೇಲಿನ ಅಲ್ಪವಿರಾಮವನ್ನು ನುಂಗಿಬಿಟ್ಟು, ಒಂದೇ ಉಸಿರಿನಲ್ಲಿ. ‘ಹಾಂ, ಅದೇ!’ ಅಂತ ಮೂವರೂ ಒಟ್ಟಿಗೆ ಅಂದರು.

ಅಲ್ಲಿ ನನ್ನ ಕಂಠ ಏನೂ ಬದಲಾಗಿರಲಿಲ್ಲ. ಅವರು ಕೊಂಡಿದ್ದು ಕಂಠವನ್ನಲ್ಲ. ಬರೆದ ಕನ್ನಡ ಎಲ್ಲಿ ಬಾಯಿಗೆ ಸಿಕ್ಕಿಕೊಳ್ಳುತ್ತದೆ ಅಂತ ಹಿಡಿದು ತೋರಿಸುವ ಒಂದು ಕಿವಿಯನ್ನು. ಆ ಮೂವರಲ್ಲಿ ಒಬ್ಬರು ಆಮೇಲೆ ಎರಡು ಸಂಸ್ಥೆ ಬದಲಾಯಿಸಿದರು, ಎರಡು ಕಡೆಯಿಂದಲೂ ನನ್ನನ್ನು ಕರೆದರು. ನನ್ನ ವ್ಯಾಪಾರ ಬೆಳೆದ ಬಗೆ ಇದೇ. ಆನ್‌ಲೈನ್ ತಾಣಗಳಲ್ಲಿ ದಿನಕ್ಕೆ ಇಪ್ಪತ್ತು ಆಡಿಶನ್ ಹಾಕಿ ಬೆಳೆದದ್ದಲ್ಲ. ಅದನ್ನೂ ಒಂದು ವರ್ಷ ಮಾಡಿದ್ದೇನೆ. ಅಲ್ಲಿ ಎಲ್ಲರೂ ರೇಟು ಇಳಿಸುವುದರಲ್ಲೇ ಪೈಪೋಟಿ ಮಾಡುತ್ತಾರೆ, ಮತ್ತು ರೇಟು ಇಳಿಸುವ ಪೈಪೋಟಿಯಲ್ಲಿ ಮಷೀನಿನ ಹತ್ತಿರ ಯಾರೂ ಗೆಲ್ಲಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಜಾಸ್ತಿ ಕೆಲಸ ತಂದುಕೊಟ್ಟದ್ದು. ಇಂಗ್ಲಿಷ್‌ನಿಂದ ಅನುವಾದವಾಗಿ ಬರುವ ಸ್ಕ್ರಿಪ್ಟು 30 ಸೆಕೆಂಡಿಗೆ ಕೂರುವುದೇ ಇಲ್ಲ. ಕನ್ನಡ ಮಾಡಿದರೆ 38, 40 ಆಗುತ್ತದೆ. ಬಹಳಷ್ಟು ಜನ ಏನು ಮಾಡುತ್ತಾರೆ? ರೈಲು ತಪ್ಪಿಹೋಗುವವರ ಥರ ಓದಿ ಕಳಿಸುತ್ತಾರೆ. ನಾನು ಹಾಗೆ ಓದಿದ್ದು ಒಂದು, ಮತ್ತು ಎರಡು ಸಾಲು ಕತ್ತರಿಸಿ ಉಸಿರಾಡಲು ಜಾಗ ಕೊಟ್ಟು ಓದಿದ್ದು ಇನ್ನೊಂದು, ಎರಡನ್ನೂ ಕಳಿಸುತ್ತೇನೆ. ಎಲ್ಲಿ ಕತ್ತರಿಸಿದೆ ಅಂತ ಬರೆದೂ ಕಳಿಸುತ್ತೇನೆ. ಹತ್ತರಲ್ಲಿ ಎಂಟು ಸಲ ಎರಡನೆಯದೇ ಪಾಸ್. ಮುಂದಿನ ಸಲ ಸ್ಕ್ರಿಪ್ಟು ಬರೆಯುವ ಹಂತದಲ್ಲೇ ನನಗೆ ಫೋನ್ ಬರುತ್ತದೆ, ಅದಕ್ಕೆ ಬೇರೆ ಬಿಲ್.

ಈಗ ಬೇಸರದ ಆದರೆ ಬಿಡಲಾಗದ ಭಾಗ: ಕಾಗದ, ಅಂದರೆ ಕರಾರು. ಅದು ಯಾಕೆ ಬೇಕು ಅನ್ನುವುದಕ್ಕೆ ಒಂದು ಕಥೆ.

ಸೂಸನ್ ಬೆನೆಟ್ ಅಂತ ಅಮೆರಿಕದ ದನಿ ಕಲಾವಿದೆ. 2005ರ ಜುಲೈ ಪೂರ್ತಿ ದಿನಕ್ಕೆ ನಾಲ್ಕು ಗಂಟೆ ಕೂತು ತಲೆಬುಡ ಇಲ್ಲದ ವಾಕ್ಯಗಳನ್ನು ರೆಕಾರ್ಡ್ ಮಾಡಿಕೊಟ್ಟರು. ಆಗಿನ ತಂತ್ರವೇ ಹಾಗೆ. ಗಂಟೆಗಟ್ಟಲೆ ಓದಿಸಿ, ದನಿಯನ್ನು ಚೂರು ಚೂರು ಮಾಡಿ, ಬೇಕಾದಂತೆ ಜೋಡಿಸುವುದು. ಅದು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. 2011ರಲ್ಲಿ ಐಫೋನ್‌ನಲ್ಲಿ ಕೇಳಿದ್ದಕ್ಕೆ ಮಾತಾಡಿ ಉತ್ತರಿಸುವ ಸಿರಿ ಬಂದಾಗ ಜೊತೆಯ ಕಲಾವಿದರೊಬ್ಬರು ‘ಇದು ನೀನೇ ಅಲ್ವಾ’ ಅಂತ ಮೇಲ್ ಮಾಡಿದ ಮೇಲೆ ತಿಳಿಯಿತು. 2013ರಲ್ಲಿ ಅವರು ಇದನ್ನು ಬಹಿರಂಗವಾಗಿ ಹೇಳಿದರು. ರೆಕಾರ್ಡಿಂಗ್ ಗಂಟೆಗಳಿಗೆ ದುಡ್ಡು ಬಂದಿತ್ತು, ಆ ದನಿ ಕೋಟಿಗಟ್ಟಲೆ ಫೋನುಗಳಲ್ಲಿ ಮಾತಾಡಿದ್ದಕ್ಕೆ ಏನೂ ಬರಲಿಲ್ಲ.

ಅದು ಚೂರು ಜೋಡಿಸುವ ಕಾಲ. 2016ರಲ್ಲಿ ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್ ವೇವ್‌ನೆಟ್ ಅನ್ನುವ ತಂತ್ರ ತೋರಿಸಿದ ಮೇಲೆ ಮಷೀನು ದನಿಯ ಅಲೆಯನ್ನೇ ತಾನಾಗಿ ಕಟ್ಟುವುದನ್ನು ಕಲಿಯಿತು. ಈಗಂತೂ ಕೆಲವೇ ನಿಮಿಷದ ಒಳ್ಳೆ ರೆಕಾರ್ಡಿಂಗ್ ಸಿಕ್ಕರೆ ನಕಲು ದನಿ ತಯಾರು. ಅಂದರೆ ಬೆನೆಟ್ ಅವರಿಂದ ಒಂದು ತಿಂಗಳು ಓದಿಸಿ ಪಡೆದದ್ದನ್ನು ನಮ್ಮಿಂದ ಒಂದು ಆಡಿಶನ್‌ನಲ್ಲಿ ಪಡೆಯಬಹುದು.

ನನಗೆ ಹಾಗೇ ಒಂದು ಬಂತು. ‘ಆಡಿಶನ್’ ಅಂತ 42 ಪುಟ. ಕಥೆ ಇಲ್ಲ, ಪ್ರಾಡಕ್ಟ್ ಇಲ್ಲ. ‘ನಿನ್ನೆ ಮಳೆ ಬಂದಿತ್ತು.’ ‘ನೀವು ಯಾವಾಗ ಹೊರಡುತ್ತೀರಿ?’ ‘ಒಂಬೈನೂರ ಹದಿನೇಳು.’ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳು, ಪ್ರತಿಯೊಂದೂ ಬೇರೆ ಬೇರೆ ಫೈಲ್ ಆಗಿ ಬೇಕಂತೆ. ನಾನು ಹದಿಮೂರು ಪುಟ ಓದಿಯೂ ಇದ್ದೆ, ಅಷ್ಟು ಪೆದ್ದು! ಆಮೇಲೆ ಅನುಮಾನ ಬಂದು ‘ಇದನ್ನ ಎಲ್ಲಿ ಬಳಸ್ತೀರಿ?’ ಅಂತ ಕೇಳಿದೆ. ಉತ್ತರ ಬರಲೇ ಇಲ್ಲ. ನಿಜವಾದ ಆಡಿಶನ್ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಇರುವುದು ಅಪರೂಪ. ಅದಕ್ಕಿಂತ ಉದ್ದ ಕೇಳಿದರೆ ಅದು ಕೆಲಸ, ಅದಕ್ಕೆ ದುಡ್ಡು ಮತ್ತು ಕರಾರು ಎರಡೂ ಬೇಕು.

ಕರಾರಿನಲ್ಲಿ ‘ಈಗ ಇರುವ ಹಾಗೂ ಮುಂದೆ ಬರಬಹುದಾದ ಎಲ್ಲ ತಂತ್ರಜ್ಞಾನಗಳಲ್ಲಿ, ಶಾಶ್ವತವಾಗಿ’ ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. ನಾನು ಈಗ ಕೆಲಸ ಒಪ್ಪಿಕೊಳ್ಳುವ ಮೇಲ್‌ನಲ್ಲೇ ಬರೆಯುತ್ತೇನೆ: ಈ ದನಿ ಈ ಕೆಲಸಕ್ಕೆ ಮಾತ್ರ, ಇಷ್ಟು ಕಾಲಕ್ಕೆ, ಇಂಥ ಮಾಧ್ಯಮಕ್ಕೆ. ಇದರಿಂದ ನಕಲು ದನಿ ಮಾಡುವ ಹಾಗಿಲ್ಲ, ಎಐ ತರಬೇತಿಗೆ ಬಳಸುವ ಹಾಗಿಲ್ಲ. ಇದಕ್ಕಾಗಿ ಒಂದು ಕೆಲಸ ಕೈ ತಪ್ಪಿದೆ, ಉಳಿದವರೆಲ್ಲ ಮಾತಾಡದೆ ಒಪ್ಪಿದ್ದಾರೆ. ಹೇಗೆ ಬರೆಯುವುದು ಅಂತ ತೋಚದಿದ್ದರೆ ಅಮೆರಿಕದ ದನಿ ಕಲಾವಿದರ ಸಂಘ ನಾವಾ ಇಂಥ ಷರತ್ತುಗಳ ಸಿದ್ಧ ಮಾದರಿ ಮಾಡಿಟ್ಟಿದೆ. ಓದಿ ನೋಡಿ, ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಒಬ್ಬರೇ ಗಲಾಟೆ ಮಾಡುತ್ತಿದ್ದೇವೆ ಅಂತ ಹಿಂಜರಿಕೆಯೂ ಬೇಡ. 2024ರ ಜುಲೈನಲ್ಲಿ ಅಮೆರಿಕದ ವಿಡಿಯೊ ಗೇಮ್ ಕಲಾವಿದರು ಮುಷ್ಕರ ಹೂಡಿ ಹತ್ತಿರ ಹತ್ತಿರ ಒಂದು ವರ್ಷ ಕೆಲಸ ನಿಲ್ಲಿಸಿದ್ದು ಮುಖ್ಯವಾಗಿ ಇದಕ್ಕೇ, ಎಐ ನಕಲಿಗೆ ಒಪ್ಪಿಗೆ ಮತ್ತು ಸಂಭಾವನೆ ಎರಡೂ ಇರಬೇಕು ಅಂತ. ಅದೇ ತಿಂಗಳು ಟೆನೆಸ್ಸಿ ರಾಜ್ಯದಲ್ಲಿ ದನಿಯ ನಕಲಿನಿಂದ ರಕ್ಷಣೆ ಕೊಡುವ ಎಲ್ವಿಸ್ ಕಾಯ್ದೆಯೂ ಜಾರಿಗೆ ಬಂತು.

ದನಿಯನ್ನು ಎಐಗೆ ಮಾರುವುದೇ ಪಾಪ ಅಂತ ನಾನು ಹೇಳುತ್ತಿಲ್ಲ. ಎಲ್ಲಿ, ಎಷ್ಟು ದಿನ, ಯಾವ ಮಾತಿಗೆ ಅಂತ ಸ್ಪಷ್ಟವಾಗಿ ಬರೆದುಕೊಟ್ಟು, ವಾಪಸ್ ತೆಗೆದುಕೊಳ್ಳುವ ದಾರಿ ಇದ್ದರೆ ಯೋಚಿಸಬಹುದು. ನನ್ನ ಹತ್ತಿರ ಎರಡು ಸಲ ಬಂದರು, ಎರಡೂ ಕಡೆ ಆ ವಾಪಸ್ ದಾರಿ ಇರಲಿಲ್ಲ. ಬೇಡ ಅಂದೆ.

ಮಷೀನು ತಂದ ಕೆಲಸವೂ ಒಂದಿದೆ, ಅದನ್ನು ಮುಚ್ಚಿಡಬಾರದು. ಮಷೀನ್ ಓದಿದ ಕನ್ನಡವನ್ನು ಕೇಳಿ ತಪ್ಪು ಗುರುತಿಸುವುದು. ಊರಿನ ಹೆಸರು, ಇಸವಿ, ಅಲ್ಪಪ್ರಾಣ ಮಹಾಪ್ರಾಣ, ಪ್ರಶ್ನೆಯನ್ನು ಹೇಳಿಕೆಯಂತೆ ಓದಿದ ಕಡೆ. ತೂಕಡಿಕೆ ಬರುವ ಕೆಲಸ, ದುಡ್ಡೂ ಕಮ್ಮಿ. ಕೈ ಖಾಲಿ ಇರುವ ವಾರ ಮಾಡುತ್ತೇನೆ.

ಆಡಿಯೊಬುಕ್ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಹಾಗಾಗಿ ಒಂದು ಎಚ್ಚರಿಕೆ. ಅಲ್ಲಿ ದರ ಹೇಳುವುದು ಮುಗಿದ ಗಂಟೆಗೆ, ಅಂದರೆ ಕೇಳುಗರ ಕಿವಿಗೆ ಹೋಗುವ ಒಂದು ಗಂಟೆಗೆ. ಆ ಒಂದು ಗಂಟೆ ತಯಾರಾಗಲು ಓದು, ತಿದ್ದುಪಡಿ, ಎಡಿಟಿಂಗ್ ಎಲ್ಲ ಸೇರಿ ನಿಮ್ಮ ಆರು ಗಂಟೆ ಹೋಗುತ್ತದೆ. ಹೊಸಬರು ಒಂದು ಗಂಟೆ ಅಂತಲೇ ಲೆಕ್ಕ ಹಾಕಿ ರೇಟು ಹೇಳಿ ಮೂರನೇ ಅಧ್ಯಾಯದಲ್ಲಿ ಅಳುತ್ತಾರೆ. ಇಂಗ್ಲಿಷ್‌ನಲ್ಲಿ ಗಂಟೆಗೆ ಸುಮಾರು 9,300 ಪದ ಅನ್ನುವ ಲೆಕ್ಕ ಇದೆ. ಕನ್ನಡಕ್ಕೆ ಅದು ಸುಳ್ಳು. ನಾವು ‘ಮನೆಯಲ್ಲಿಲ್ಲದಿದ್ದುದರಿಂದ’ ಅಂತ ಒಂದೇ ಪದದಲ್ಲಿ ಒಂದು ವಾಕ್ಯ ತುರುಕುವವರು. ನಾನು ಪದ ಎಣಿಸುವುದಿಲ್ಲ, ಮಧ್ಯದ ಎರಡು ಪುಟ ಗಟ್ಟಿಯಾಗಿ ಓದಿ ಗಡಿಯಾರ ನೋಡಿ ಗುಣಿಸುತ್ತೇನೆ.

‘ಯಾವ ಮೈಕ್ ತಗೊಳ್ಳಲಿ?’ ಇದು ತಪ್ಪು ಪ್ರಶ್ನೆ. ಮೈಕಿಗಿಂತ ಕೋಣೆ ಮುಖ್ಯ. ಆಡಿಯೊಬುಕ್ ಕಂಪನಿ ಆಡಿಬಲ್‌ಗೆ ಪುಸ್ತಕ ಓದಿ ಕೊಡುವ ತಾಣ ಎಸಿಎಕ್ಸ್ ಕೇಳುವುದನ್ನೇ ನೋಡಿ: ನೀವು ಸುಮ್ಮನಿರುವಾಗ ಕೋಣೆಯ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಪೀಕ್, ಅಂದರೆ ದನಿ ಅತಿ ಜೋರಾಗುವ ಮಟ್ಟ, ಮೈನಸ್ 3 ದಾಟಬಾರದು. ಎರಡನೆಯದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಮೊದಲನೆಯದಕ್ಕೆ ಫ್ಯಾನ್ ಆಫ್ ಮಾಡಿ, ಬಟ್ಟೆ ತುಂಬಿದ ವಾರ್ಡ್‌ರೋಬ್ ಬಾಗಿಲು ತೆರೆದು ಅದರೊಳಗೆ ಮುಖ ಹಾಕಿ ಓದಬೇಕು. ನನ್ನ ಮೊದಲ ಎರಡು ವರ್ಷ ಚಳಿಗಾಲದ ಸ್ವೆಟರುಗಳ ಮಧ್ಯೆ ಕಳೆದವು. ಬೆವರಿಳಿಯುತ್ತಿತ್ತು, ಆಡಿಯೊ ಮಾತ್ರ ಶುದ್ಧ.

ಇನ್ನು ಕೆಲವರು ಕೊನೆಗೆ ‘ಡೆಮೊ ಕಳಿಸ್ತೀನಿ, ಕೇಳ್ತೀರಾ?’ ಅನ್ನುತ್ತಾರೆ, ಅಂದರೆ ತಮ್ಮ ದನಿಯ ಮಾದರಿ. ಕಳಿಸಿ. ಆದರೆ ಒಂದು ನಿಮಿಷದೊಳಗೆ ಇರಲಿ. ‘ನಮಸ್ಕಾರ, ನಾನು’ ಅಂತ ಶುರು ಮಾಡಬೇಡಿ, ಹಿಂದೆ ಮ್ಯೂಸಿಕ್ ಹಾಕಬೇಡಿ. ಜೊತೆಗೆ ಒಂದೇ ಸಾಲನ್ನು ಮೂರು ಥರ ಓದಿ ಕಳಿಸಿ, ಯಾವ ಸಾಲಾದರೂ ಆಗಬಹುದು. ನಾನು ಮೊದಲು ಕೇಳುವುದು ಆ ಮೂರು ಓದನ್ನೇ. ಕೇಳಿ ‘ಇಲ್ಲ, ಇನ್ನೊಂದ್ಸಲ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.