ಒದ್ದೆ ಬಟ್ಟೆ ಒಣಗುವವರೆಗೆ

‘ನೌಕರಿ ಮಾಡಿಕೊಂಡು ಪುಸ್ತಕ ಯಾವಾಗ ಬರೆಯುತ್ತೀರಿ? ಆರೋಗ್ಯ ಕೆಡುವುದಿಲ್ಲವೇ?’ ಮದುವೆಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕೆಡುತ್ತದೆ. ಮೊದಲ ಪುಸ್ತಕ ಬರೆಯುವಾಗ ಚೆನ್ನಾಗಿಯೇ ಕೆಡಿಸಿಕೊಂಡೆ. ರಾತ್ರಿ ಊಟವಾದ ಮೇಲೆ ಕುಳಿತರೆ ಏಳುವುದು ಒಂದೂವರೆಗೋ ಎರಡಕ್ಕೋ. ಜೊತೆಗೆ ಫ್ಲಾಸ್ಕಿನ ತುಂಬ ಕಾಫಿ. ಬರೆದದ್ದರಲ್ಲಿ ಅರ್ಧವನ್ನು ಬೆಳಿಗ್ಗೆ ಓದಿ ಹೊಡೆದುಹಾಕುತ್ತಿದ್ದೆ. ಆರು ತಿಂಗಳಾದರೂ ಹಸ್ತಪ್ರತಿ ಮುಗಿಯಲಿಲ್ಲ, ಕತ್ತು ಮಾತ್ರ ಹಿಡಿದುಕೊಂಡಿತು, ಹುಳಿತೇಗು ಬೋನಸ್.

ಎಡಗೈ ತೋರುಬೆರಳಿನ ನೋವಿಗಂತೂ ಕಾರಣ ಹೊಳೆಯಲು ಬಹಳ ದಿನ ಹಿಡಿಯಿತು. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಕೀಲಿ ಒತ್ತಬೇಕು. ‘ಸ್ತ್ರೀ’ ಎಂದು ಬರೆದು ನೋಡಿ: ಸಕಾರ ಆದ ಮೇಲೆ ಎಫ್, ಟಿ, ಮತ್ತೆ ಎಫ್, ಆರ್. ನಾಲ್ಕು ಏಟೂ ಅದೊಂದೇ ಬೆರಳಿನ ಪಾಲು. ಸಂಸ್ಕೃತ ಪದಗಳ ಮೇಲಿನ ನನ್ನ ವ್ಯಾಮೋಹವನ್ನು ಇಳಿಸಿದ್ದು ಯಾವ ವಿಮರ್ಶಕನೂ ಅಲ್ಲ, ಈ ಬೆರಳು.

ದಾರಿ ತೋರಿಸಿದವನು ಕುಮಾರವ್ಯಾಸ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಅವನು ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂರುತ್ತಿದ್ದ, ಬಟ್ಟೆ ಒಣಗುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತು ಎಂಬ ಐತಿಹ್ಯವಿದೆ. ಭಕ್ತರಿಗೆ ಅದರಲ್ಲಿ ಪವಾಡ ಕಾಣುತ್ತದೆ. ನನಗೆ ಗಡಿಯಾರ ಕಂಡಿತು. ಬಯಲುಸೀಮೆಯ ಗಾಳಿಗೆ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು? ದಿನವೂ ಅಷ್ಟಷ್ಟೇ ಕೂತು ಹತ್ತು ಪರ್ವ ಮುಗಿಸಿದ, ಅದೂ ಭಾಮಿನಿ ಷಟ್ಪದಿಯಲ್ಲಿ.

ನಾನೂ ಕುರ್ಚಿಯ ಬೆನ್ನಿಗೆ ಒದ್ದೆ ಟವೆಲ್ ಹಾಕಿ ನೋಡಿದೆ. ನಮ್ಮದು ಮಲೆನಾಡು, ಆಷಾಢದಲ್ಲಿ ಅದು ಮೂರು ದಿನವಾದರೂ ಒಣಗಲಿಲ್ಲ. ಹಾಗಾಗಿ ಈಗ ಮೊಬೈಲಿನ ಅಲಾರಂ. ಬೆಳಿಗ್ಗೆ ಐದೂವರೆಗೆ ಕುಳಿತರೆ ಆರೂಮುಕ್ಕಾಲಿಗೆ ಕೂಗುತ್ತದೆ, ವಾಕ್ಯ ಅರ್ಧವಾಗಿದ್ದರೂ ಏಳುತ್ತೇನೆ. ಆ ಅರ್ಧ ವಾಕ್ಯ ಕಾದು ಕುಳಿತಿರುವುದರಿಂದ ಮರುದಿನ ಎಲ್ಲಿಂದ ಶುರು ಮಾಡಲಿ ಎಂದು ಹಣೆ ಚಚ್ಚಿಕೊಳ್ಳಬೇಕಿಲ್ಲ. ಪರದೆ ನೋಡುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು ಎನ್ನುತ್ತಾರೆ ಕಣ್ಣಿನ ವೈದ್ಯರು. ನನ್ನ ಕಿಟಕಿಯಾಚೆ ಹಲಸಿನ ಮರವಿದೆ. ಆಮೇಲೆ ಹಾಲಿನ ಡೈರಿಯವರೆಗೆ ನಡಿಗೆ. ಸಿಕ್ಕು ಬಿದ್ದ ಪ್ಯಾರಾ ಬಿಡಿಸಿಕೊಳ್ಳುವುದು ಹೆಚ್ಚಾಗಿ ಆ ದಾರಿಯಲ್ಲೇ.

ಎರಡನೆಯ ಪುಸ್ತಕ ಹೀಗೆ 11 ತಿಂಗಳಲ್ಲಿ ಮುಗಿಯಿತು. ‘ಪದವಿಟ್ಟಳುಪದೊಂದಗ್ಗಳಿಕೆ’ ಎಂದು ಕುಮಾರವ್ಯಾಸ ಬೀಗಿದ್ದಾನಲ್ಲ, ಇಟ್ಟ ಪದವನ್ನು ಅಳಿಸದ ಆ ಹೆಚ್ಚುಗಾರಿಕೆ ಮಾತ್ರ ನನಗೆ ದಕ್ಕಿಲ್ಲ. ನನ್ನ ಕೀಲಿಮಣೆಯಲ್ಲಿ ಎಫ್ ಬಿಟ್ಟರೆ ಅಕ್ಷರ ಮಾಸಿರುವುದು ಅಳಿಸುವ ಕೀಲಿಯದೇ.